ತುಂಡು ಹಾದಿ ಲೆಕ್ಕಕ್ಕಿಲ್ಲವೆ?



ಈ ಸಲದ ಬರಹ ಜಗಳದ್ದು. ಹಳೆಯ ನೆನಪುಗಳನ್ನು ನಿರೀಕ್ಷಿಸಿ ಬಂದವರು ದಯವಿಟ್ಟು ಕ್ಷಮಿಸಬೇಕು. ಮೂವತ್ತು ವರ್ಷ ಗಣಿತ ಹೇಳಿದವನ ಮುಂದೆ ಯಾರಾದರೂ "ಅದು ಲೆಕ್ಕಕ್ಕೆ ಬರುವುದಿಲ್ಲ" ಎಂದರೆ ಅವನು ಸುಮ್ಮನಿರುವುದು ಕಷ್ಟ. ಯಾವ ಲೆಕ್ಕ, ಯಾರು ಹಾಕಿದ ಲೆಕ್ಕ ಎಂದು ಕೇಳಿಯೇ ತೀರಬೇಕಾಗುತ್ತದೆ.

ಸಂಗತಿ ಇಷ್ಟು. ಕಳೆದ ಕಾರ್ತಿಕದಿಂದ ಮಾಘದವರೆಗೆ ನಾನೂ ನನ್ನ ಇಬ್ಬರು ಹಳೆಯ ವಿದ್ಯಾರ್ಥಿಗಳೂ ಕುಂಚಾವರಂ ಕಾಡಿನಿಂದ ಹೊರಟು ಚಿಂಚೋಳಿ, ಸೇಡಂ, ಮಳಖೇಡ, ಚಿತ್ತಾಪುರ, ವಾಡಿಗಳ ಮೇಲೆ ಹಾಯ್ದು ಶಹಾಬಾದವನ್ನು ಸೈಕಲ್ಲಿನಲ್ಲಿ ಮುಟ್ಟಿದೆವು. ಒಂದೇ ಉಸುರಿಗೆ ಅಲ್ಲ, ಆರು ತುಂಡುಗಳಲ್ಲಿ. ಒಂದು ಊರಿನವರೆಗೆ ಹೋಗುವುದು, ಸೈಕಲ್ಲುಗಳನ್ನು ಅಲ್ಲಿಯ ಪರಿಚಿತರ ಮನೆಯಲ್ಲಿ ಬಿಡುವುದು, ಬಸ್ಸಿಗೋ ರೈಲಿಗೋ ಮರಳುವುದು. ಎರಡು ಮೂರು ವಾರ ಬಿಟ್ಟು ಬಿಟ್ಟಲ್ಲಿಂದಲೇ ಮತ್ತೆ ಹೊರಡುವುದು. ಹೀಗೆ ಹಾಸಿಗೆ ಬುತ್ತಿಗಳನ್ನು ಸೈಕಲ್ಲಿಗೆ ಬಿಗಿದುಕೊಂಡು ಹೋಗುವುದಕ್ಕೆ ಈಗ ಬೈಕ್‌ಪ್ಯಾಕಿಂಗ್ ಎಂಬ ಹೆಸರಿದೆಯಂತೆ. ನಮ್ಮ ಕಾಲದಲ್ಲಿ ಇದಕ್ಕೆ ಹೆಸರಿರಲಿಲ್ಲ. ಬುತ್ತಿ ಕಟ್ಟಿಕೊಂಡು ಊರಿಗೆ ಹೋಗುವುದು ಎನ್ನುತ್ತಿದ್ದೆವು.

ಆರನೆಯ ತುಂಡು ಮುಗಿದ ಸಂಜೆ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಎರಡು ಚಿತ್ರ ಹಾಕಿದೆ. ಶಹಬ್ಬಾಸ್‌ಗಿರಿಗಳ ನಡುವೆ ಒಬ್ಬನ ಮಾತು ಬಂತು: "ಸರ, ಹಿಂಗ ಕಂತಿನ್ಯಾಗ ಮಾಡಿದ್ದು ಲೆಕ್ಕಕ್ಕ ಬರಂಗಿಲ್ರಿ. ಒಂದs ದಿನದಾಗ ಹೊಡದ್ರ ಖರೇ." ಅವನ ಹೆಸರನ್ನು ಹೇಳುವುದಿಲ್ಲ. ಒಳ್ಳೆಯ ಹುಡುಗ, ಬೆಂಗಳೂರಿನಲ್ಲಿ ದೊಡ್ಡ ಕೆಲಸದಲ್ಲಿದ್ದಾನೆ, ಊರಿನ ಮೇಲೆ ಪ್ರೀತಿ ಇಟ್ಟುಕೊಂಡವನು. ನಗುತ್ತಲೇ ಬರೆದಿದ್ದಾನೆ ಎಂಬುದೂ ನನಗೆ ಗೊತ್ತು. ಆದರೆ ಆ ನಗೆಯ ಹಿಂದಿರುವ ನಂಬಿಕೆ ನಗುವಂಥದಲ್ಲ. ಅದು ನಮ್ಮ ಮನೆಯ ಒಬ್ಬ ಹುಡುಗನನ್ನು ಹೆಚ್ಚುಕಡಿಮೆ ಕೊಂದೇ ಬಿಟ್ಟಿತ್ತು. ಅದನ್ನು ಮೊದಲು ಹೇಳಿಬಿಡುತ್ತೇನೆ.

ಅದರ ಹಿಂದಿನ ಬೇಸಗೆಯಲ್ಲಿ ಇದೇ ಹಾದಿಯನ್ನು ಒಂದೇ ದಿನದಲ್ಲಿ ಮುಗಿಸಬೇಕೆಂದು ಹನ್ನೊಂದು ಜನ ತರುಣರು ಹೊರಟಿದ್ದರು. ಮಾರ್ಚ್ ತಿಂಗಳ ಕೊನೆ. ನನ್ನ ತಂಗಿಯ ಮಗನೂ ಅವರಲ್ಲಿದ್ದ. ವಯಸ್ಸು ಇಪ್ಪತ್ತಾರು, ಗಟ್ಟಿ ಆಳು. ಸೇಡಂ ದಾಟುವಾಗಲೇ ಅವನಿಗೆ ತಲೆನೋವು ಹಿಡಿದಿತ್ತು, ಹೇಳಲಿಲ್ಲ. ಮಳಖೇಡದಲ್ಲಿ ವಾಂತಿಯಾಯಿತು, ಉಳಿದವರ ಕಣ್ಣು ತಪ್ಪಿಸಿ ಬಾಯಿ ತೊಳೆದುಕೊಂಡು ಮತ್ತೆ ಹತ್ತಿದ. ಮಧ್ಯಾಹ್ನ ಒಂದರ ಹೊತ್ತಿಗೆ, ಚಿತ್ತಾಪುರ ಇನ್ನೂ ನಾಲ್ಕಾರು ಕಿಲೋಮೀಟರ್ ಇರುವಾಗ, ಏನೇನೋ ಅಸಂಬದ್ಧ ಮಾತಾಡುತ್ತ ರಸ್ತೆಯ ಬದಿಗೆ ಬಿದ್ದ. ಮೈ ಕೆಂಡವಾಗಿತ್ತು, ಬೆವರು ನಿಂತುಹೋಗಿತ್ತು. ಹೊಲದಲ್ಲಿದ್ದವರು ಬೇವಿನ ಮರದ ಕೆಳಗೆ ಮಲಗಿಸಿ, ಕೊಡದ ನೀರನ್ನೆಲ್ಲ ಮೈಮೇಲೆ ಸುರಿದು, ಒಂದು ಟಂಟಂ ನಿಲ್ಲಿಸಿ ಆಸ್ಪತ್ರೆಗೆ ಸಾಗಿಸಿದರು. ಆ ನೀರೇ ಅವನನ್ನು ಉಳಿಸಿತು ಎಂದು ವೈದ್ಯರು ಹೇಳಿದರು. ನಾಲ್ಕನೆಯ ದಿನ ಕಣ್ಣು ತಿಳಿಯಾದ ಮೇಲೆ ಅವನನ್ನು ಕೇಳಿದೆ: "ತಲಿ ನೋವು ಸುರುವಾದಾಗs ಯಾಕ ನಿಂದ್ರಲಿಲ್ಲೋ?" ಅವನು ಹೇಳಿದ್ದು: "ನಿಂತ್ರ ಲೆಕ್ಕಕ್ಕ ಬರಂಗಿಲ್ಲ ಮಾಮಾ."

ಈಗ ತಿಳಿಯಿತೇ, ಆ ಮೂರು ಶಬ್ದ ನನಗೇಕೆ ಚುಚ್ಚುತ್ತವೆ ಎಂದು?

ಮೊದಲು ಹಾದಿಯ ಮಾತು. ದೂರದಲ್ಲಿರುವ ನಿಮ್ಮಲ್ಲಿ ಅನೇಕರಿಗೆ ಈ ಸೀಮೆಯೆಂದರೆ ರೈಲಿನ ಕಿಟಕಿಯಲ್ಲಿ ಕಂಡ ಬಿಸಿಲು ಮತ್ತು ಸಿಮೆಂಟಿನ ಧೂಳು. ನಿಧಾನವಾಗಿ ಸಾಗುವವನಿಗೆ ಇದು ಬೇರೆಯೇ ಕಾಣುತ್ತದೆ. ಕುಂಚಾವರಂ ಕಡೆಯ ಎತ್ತರದ ನೆಲ ಕೆಂಪು ಜಂಬಿಟ್ಟಿಗೆಯದು. 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಚಿಂಚೋಳಿಯ ಕಾಡು ಇರುವುದು ಇಲ್ಲಿಯೇ. ಚಂದ್ರಂಪಳ್ಳಿ ಜಲಾಶಯ, ಎತ್ತಿಪೋತ ಜಲಪಾತಗಳೂ ಇಲ್ಲಿಯವೇ. ಅಲ್ಲಿಂದ ಇಳಿದರೆ ಕಪ್ಪು ನೆಲ, ಅದರಡಿಯಲ್ಲಿ ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಹರಿದು ಹೆಪ್ಪುಗಟ್ಟಿದ ಲಾವಾದ ಕಲ್ಲು. ಸೇಡಂ ಸೀಮೆಗೆ ಬರುತ್ತಲೇ ಅದಕ್ಕಿಂತಲೂ ಎಷ್ಟೋ ಪುರಾತನವಾದ, ಒಂದು ಕಾಲದ ಕಡಲ ತಳದಲ್ಲಿ ಪದರುಪದರಾಗಿ ಕೂತ ಸುಣ್ಣದ ಕಲ್ಲು. ಅದೇ ನಮ್ಮ ಮನೆಗಳ ನೆಲಕ್ಕೂ ಮಾಳಿಗೆಗೂ ಹಾಸಿದ ಶಹಾಬಾದ ಪರ್ಸಿ. ಅಮೆರಿಕದ ಮರುಭೂಮಿಯ ಕಣಿವೆಗಳಲ್ಲಿ ನೆಲದ ಪದರುಗಳು ಗೋಡೆಯಂತೆ ಎದ್ದು ನಿಂತು ಕಾಣುತ್ತವೆಯಷ್ಟೆ. ನಮ್ಮಲ್ಲಿ ಆ ಗೋಡೆಯನ್ನು ಯಾರೋ ಮೆಲ್ಲನೆ ಮಲಗಿಸಿದ್ದಾರೆ. ಮುಲ್ಲಾಮಾರಿ, ಬೆಣ್ಣೆತೊರಾಗಳನ್ನು ಕೂಡಿಸಿಕೊಂಡು ಕಾಗಿಣಾ ನದಿ ಪಶ್ಚಿಮಕ್ಕೆ ಹರಿದು ಹೊನಗುಂಟಾದ ಬಳಿ ಭೀಮೆಯನ್ನು ಸೇರುತ್ತದೆ. ಆ ಇಳಿಜಾರಿನ ಗುಂಟ ನೀವು ಸೈಕಲ್ ತುಳಿದರೆ ಪದರಿನ ಮೇಲೆ ಪದರು ಗಾಲಿಯ ಕೆಳಗೆ ಹಾಯುತ್ತದೆ. ಸುತ್ತುಬಳಸು ಸೇರಿ ನೂರೈವತ್ತು ಕಿಲೋಮೀಟರಿನ ಆಸುಪಾಸಿನ ಹಾದಿ. ಇದನ್ನು ತಲೆ ತಗ್ಗಿಸಿ, ಮುಂಗೈಯ ಗಡಿಯಾರ ನೋಡುತ್ತ, ಒಂದು ಹಗಲಿನಲ್ಲಿ ಮುಗಿಸಿದವನು ಏನನ್ನು ಮುಗಿಸಿದ ಎಂಬುದೇ ನನ್ನ ಪ್ರಶ್ನೆ.

ಇನ್ನು ಎದುರು ಪಕ್ಷದ ವಾದಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯ ವಾದ: ತುಂಡು ಮಾಡುವುದು ಮೋಸ. ಇದಕ್ಕೆ ಉತ್ತರವನ್ನು ನಾನು ಕೊಡುವುದಕ್ಕಿಂತ ಜಗತ್ತೇ ಕೊಡಲಿ. ಅಮೆರಿಕದ ಅಪಲೇಷಿಯನ್ ಕಾಲುಹಾದಿ ಮೂರೂವರೆ ಸಾವಿರ ಕಿಲೋಮೀಟರಿನಷ್ಟು ಉದ್ದದ್ದು. ಅದನ್ನು ನೋಡಿಕೊಳ್ಳುವ ಸಂಸ್ಥೆ ಪೂರ್ತಿ ನಡೆದವರನ್ನು ದಾಖಲಿಸುತ್ತದೆ. ಒಂದೇ ವರ್ಷ ನಡೆದವನಿಗೂ ಇಪ್ಪತ್ತು ವರ್ಷ ರಜೆ ಸಿಕ್ಕಾಗಲೆಲ್ಲ ತುಂಡುತುಂಡಾಗಿ ನಡೆದವನಿಗೂ ಅಲ್ಲಿ ಒಂದೇ ಮನ್ನಣೆ. ಅದೇ ದೇಶದ ಕೊಲರಾಡೊದಿಂದ ಯೂಟಾದ ಮೋಅಬ್ ಊರಿನವರೆಗೆ ಮರುಭೂಮಿಯ ಕಣಿವೆಗಳ ನಡುವೆ ಕೊಕೊಪೆಲ್ಲಿ ಎಂಬ ಸೈಕಲ್ ಹಾದಿ ಇದೆ. ಸುಮಾರು 225 ಕಿಲೋಮೀಟರ್. ಅಲ್ಲಿರುವ ನನ್ನ ಶಿಷ್ಯನೊಬ್ಬ ಅದನ್ನು ಮೂರು ತುಂಡುಗಳಲ್ಲಿ ಮುಗಿಸಿ ಬರೆದಿದ್ದ: "ಸರ್, ಇಲ್ಲಿ ಹಾದಿ ದೊಡ್ಡದಲ್ಲ, ನೀರು ಸಿಗದಿರುವುದು ದೊಡ್ಡದು. ಹೊತ್ತುಕೊಂಡ ನೀರು ಎಲ್ಲಿಗೆ ಮುಗಿಯುತ್ತದೆಯೋ ಅಲ್ಲಿಗೆ ಒಂದು ತುಂಡು." ಮರುಭೂಮಿ ಅವನಿಗೆ ಕಲಿಸಿದ ಪಾಠ ಇದು. ನಮಗೆ ನಮ್ಮ ಬಿಸಿಲು ಇದನ್ನೇ ಹೇಳುತ್ತಿದೆ, ನಾವು ಕೇಳಿಸಿಕೊಳ್ಳುತ್ತಿಲ್ಲ.

ದೂರದ ಮಾತೇಕೆ? ನರ್ಮದೆಯ ಪರಿಕ್ರಮವನ್ನು ಖಂಡ ಖಂಡವಾಗಿ ಮಾಡುವ ರೂಢಿ ಇದೆ. ಅದರ ಹೆಸರೇ ಖಂಡ ಪರಿಕ್ರಮ. ಜಬಲಪುರದ ಚಿತ್ರಕಾರ, ಲೇಖಕ ಅಮೃತಲಾಲ ವೇಗಡ 1977ರಲ್ಲಿ, ಐವತ್ತರ ಹೊಸ್ತಿಲಲ್ಲಿ, ನರ್ಮದೆಯ ದಂಡೆಯ ಮೇಲೆ ನಡೆಯತೊಡಗಿದರು. ನೌಕರಿ, ಸಂಸಾರ ಬಿಟ್ಟವರಲ್ಲ. ಬಿಡುವು ಸಿಕ್ಕಷ್ಟು ನಡೆದು, ಮರಳಿ ಬಂದು, ಮತ್ತೆ ಹೋಗುತ್ತ ವರ್ಷಗಟ್ಟಲೆ ನಡೆದರು. ಆ ನಡಿಗೆಯಿಂದ ಹುಟ್ಟಿದ ಗುಜರಾತಿ ಪುಸ್ತಕಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಕಂತಿನಲ್ಲಿ ನಡೆದದ್ದೆಂದು ಯಾರೂ ಅದನ್ನು ಹಿಂದಕ್ಕೆ ಕೇಳಲಿಲ್ಲ.

ನಮ್ಮದೇ ನುಡಿಯನ್ನು ನೋಡಿ. 'ಮಜಲು' ಎಂಬ ಶಬ್ದವಿದೆ. ಒಂದು ಹೊತ್ತಿನಲ್ಲಿ ಸಾಗಬಹುದಾದಷ್ಟು ದೂರ, ಅದರ ಕೊನೆಯಲ್ಲಿ ತಂಗುವ ಜಾಗ. ನಮ್ಮ ಹಿರಿಯರು ಹಾದಿಯನ್ನು ಅಳೆದದ್ದೇ ಮಜಲುಗಳಿಂದ, ಮುಕ್ಕಾಮುಗಳಿಂದ. ಆಳಂದಿಯಿಂದ ಪಂಢರಪುರಕ್ಕೆ ಸುಮಾರು ಎರಡು ನೂರೈವತ್ತು ಕಿಲೋಮೀಟರ್. ಪಾಲಕಿ ಅದನ್ನು ಎರಡು ವಾರಕ್ಕೂ ಮಿಕ್ಕು ಮುಕ್ಕಾಂ ಮಾಡುತ್ತ ಮುಟ್ಟುತ್ತದೆ. ಜ್ಞಾನೇಶ್ವರರ ಪಾದುಕೆ ಹೊತ್ತವರಿಗೆ ಇಲ್ಲದ ಅವಸರ ನಮಗೆ ಎಲ್ಲಿಂದ ಬಂತು?

ಎರಡನೆಯ ವಾದ: ಕಷ್ಟಪಡದೆ ಸಿಕ್ಕಿದ್ದಕ್ಕೆ ಬೆಲೆಯಿಲ್ಲ. ಇದರಲ್ಲಿ ನಿಜಾಂಶವಿದೆ, ಅದನ್ನು ಒಪ್ಪುತ್ತೇನೆ. ಎರಡು ನೂರು ಕಿಲೋಮೀಟರನ್ನು ಹದಿಮೂರೂವರೆ ತಾಸಿನಲ್ಲಿ ಮುಗಿಸುವ ಬ್ರೆವೆ ಎಂಬ ಸವಾರಿಗಳು ನಮ್ಮ ದೇಶದಲ್ಲಿಯೂ ನಡೆಯುತ್ತವೆ. ತಿಂಗಳುಗಟ್ಟಲೆ ತಯಾರಾಗಿ, ನೀರು ಉಪ್ಪುಗಳ ಲೆಕ್ಕ ಇಟ್ಟುಕೊಂಡು, ಮೈಯ ಮಾತು ಕೇಳುತ್ತ ಹೋಗುವ ಅವರ ಬಗ್ಗೆ ನನಗೆ ಗೌರವವಿದೆ. ಅದು ಒಂದು ಪರೀಕ್ಷೆ, ಬರೆಯುವವರು ಬರೆಯಲಿ. ಆದರೆ ಪರೀಕ್ಷೆಯೊಂದೇ ವಿದ್ಯೆ ಎಂದು ಯಾವ ಶಿಕ್ಷಕನೂ ಒಪ್ಪಬಾರದು. ಅದಲ್ಲದೆ ನಮ್ಮ ಹಾದಿಯಲ್ಲಿ ಕಷ್ಟವೇನೂ ಕಡಿಮೆ ಇಲ್ಲ. ಏಪ್ರಿಲ್, ಮೇ ತಿಂಗಳುಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ಹೊತ್ತನ್ನೇ ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಒಂದೂವರೆಗೆ ಇಳಿಸುವ ರೂಢಿ ಬಹುಕಾಲದಿಂದ ನಡೆದುಬಂದಿದೆ. ಫ್ಯಾನಿನ ಕೆಳಗೆ ಕೂಡುವ ಗುಮಾಸ್ತನ ಹಗಲನ್ನೇ ಬಿಸಿಲು ತುಂಡು ಮಾಡುವಾಗ, ಬಯಲಲ್ಲಿ ಪೆಡಲ್ ತುಳಿಯುವವನು ಇಡೀ ಹಗಲನ್ನು ಕೇಳುವುದು ಶೌರ್ಯವಲ್ಲ, ಅವಿವೇಕ. ಬಿಸಿಲಿನಲ್ಲಿ ದುಡಿಯುವ ಮೈ ಒಂದು ತಾಸಿಗೆ ಒಂದು ಲೀಟರಿಗೂ ಹೆಚ್ಚು ಬೆವರು ಸುರಿಸಬಲ್ಲದು. ಎರಡು ಬಾಟಲಿ ಕಟ್ಟಿಕೊಂಡವನ ನೀರು ಎಲ್ಲಿಗೆ ಮುಗಿಯುತ್ತದೆ ಎಂಬುದು ಏಳನೆಯ ಇಯತ್ತೆಯ ಲೆಕ್ಕ.

ಮೂರನೆಯ ವಾದ: ನಡುವೆ ಮನೆಗೆ ಮರಳಿದರೆ ಪಯಣದ ಎಳೆ ಹರಿಯುತ್ತದೆ. ನಮಗೆ ಆದದ್ದು ಇದರ ತಿರುವುಮುರುವು. ಒಂದೇ ದಿನ ಹೋದವರು ಒಂದೇ ಋತುವನ್ನು ಕಂಡರು. ನಾವು ಹೊರಟಾಗ ತೊಗರಿ ಹಳದಿ ಹೂ ಬಿಟ್ಟಿತ್ತು. ಚಿತ್ತಾಪುರ ಮುಟ್ಟುವಾಗ ಅದೇ ತೊಗರಿ ರಾಶಿಯಾಗಿ ಕಣದಲ್ಲಿತ್ತು. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತದ್ದನ್ನು ನೀವು ಪತ್ರಿಕೆಯಲ್ಲಿ ಓದಿದ್ದೀರಿ. ಹೂವಿನಿಂದ ರಾಶಿಯವರೆಗಿನ ಅದರ ಪಯಣವನ್ನು ನಮ್ಮ ಪಯಣದ ಜೊತೆಜೊತೆಗೇ ಕಂಡವರು ನಾವು. ಎತ್ತಿಪೋತದಲ್ಲಿ ಮಳೆಗಾಲದ ನೀರು ಇನ್ನೂ ಧುಮುಕುತ್ತಿತ್ತು. ಬೇಸಗೆಯಲ್ಲಿ ಹೋದ ಹನ್ನೊಂದು ಜನ ಅಲ್ಲಿ ಬರಿಯ ಬಂಡೆಯ ಚಿತ್ರ ತೆಗೆದುಕೊಂಡು ಬಂದಿದ್ದರು. ಚಿಂಚೋಳಿಯಿಂದ ಸೇಡಂಗೆ ಬರುವ ದಿನ ಎಳ್ಳಮಾಸಿ. ಹೊಲದಲ್ಲಿ ಚರಗ ಚೆಲ್ಲುತ್ತಿದ್ದವರು ಕೈಮಾಡಿ ಕರೆದರು. ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ, ಶೇಂಗಾದ ಹಿಂಡಿ. ಸಂಜೆಯೊಳಗೆ ಭೀಮೆ ಮುಟ್ಟಲೇಬೇಕೆಂದು ಹೊರಟವನು ಆ ಕರೆಗೆ ಕೈಯೆತ್ತಿ ನಮಸ್ಕಾರ ಮಾಡಿ ಮುಂದೆ ಹೋಗುತ್ತಿದ್ದ. ನಾವು ಕೂತು ಉಂಡೆವು. ಯಾವ ಎಳೆ ಹರಿಯಿತು, ಹೇಳಿ?

ಮಳಖೇಡಕ್ಕೆ ಬರೋಣ. ಕಾಗಿಣೆಯ ದಂಡೆಯ ಈ ಹಳ್ಳಿ ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನು ಆರು ದಶಕಗಳಿಗೂ ಹೆಚ್ಚು ಕಾಲ ಆಳಿದವನು. ಕವಿರಾಜಮಾರ್ಗ ರಚಿತವಾದದ್ದು ಅವನ ಆಸ್ಥಾನದಲ್ಲಿ. ಇಷ್ಟನ್ನು ನಿಮಗೆ ಕನ್ನಡದ ಮಾಸ್ತರರು ಹೇಳಿದ್ದಾರೆ. ನಾನು ಗಣಿತದವನು; ನನ್ನ ಪಾಲಿಗೆ ಮಳಖೇಡದ ದೊಡ್ಡ ಹೆಸರು ಮಹಾವೀರಾಚಾರ್ಯನದು. ತನ್ನ ಗಣಿತಸಾರಸಂಗ್ರಹದ ಆರಂಭದ ಭಾಗದಲ್ಲಿಯೇ ಅವನು ಅಮೋಘವರ್ಷನನ್ನು ಪ್ರಶಂಸಿಸುತ್ತಾನೆ. ಆ ಗ್ರಂಥದಲ್ಲಿ ಅವನು ಒಂದು ಸೊಗಸಾದ ವಿಧಾನ ಹೇಳಿದ್ದಾನೆ: ಒಂದು ಎಂಬ ಪೂರ್ಣವನ್ನು ಅಂಶದಲ್ಲಿ ಒಂದೇ ಇರುವ ಭಿನ್ನರಾಶಿಗಳ ಮೊತ್ತವಾಗಿ ಬರೆಯುವುದು. ಮೂರು ತುಂಡು ಬೇಕೆ? 1/2 + 1/3 + 1/6. ನಾಲ್ಕು ಬೇಕೆ? 1/2 + 1/3 + 1/9 + 1/18. ಕಾಗದ ತೆಗೆದುಕೊಂಡು ಕೂಡಿಸಿ ನೋಡಿ. ಎರಡೂ ಸಲ ಉತ್ತರ ಒಂದೇ, ಅಂದರೆ ಒಂದು. ಕೋಟೆಯ ಹಾಳು ಗೋಡೆಗೆ ಸೈಕಲ್ ಒರಗಿಸಿ ಇದನ್ನೇ ನೆನೆಯುತ್ತಿದ್ದೆ. ಸಾವಿರದ ನೂರೈವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಈ ಅರಸನ ಆಶ್ರಯದಲ್ಲಿ ಒಬ್ಬ ಆಚಾರ್ಯ ತುಂಡುಗಳಿಂದ ಪೂರ್ಣ ಕಟ್ಟುವ ದಾರಿಗಳು ಅನೇಕ ಎಂದು ಬರೆದಿಟ್ಟ. ಅದೇ ಸೀಮೆಯ ಹುಡುಗ ಇಂದು ತುಂಡು ಲೆಕ್ಕಕ್ಕಿಲ್ಲ ಎನ್ನುತ್ತಾನೆ. ಗಣಿತ ಕಲಿಸಿದವನು ನಾನೇ ಆದ್ದರಿಂದ ತಪ್ಪು ನನ್ನದೂ ಇರಬೇಕು!

ತಡವಾದರೂ ಚಿತ್ತಾಪುರದ ಮಗ್ಗುಲಿನ ನಾಗಾವಿಯನ್ನು ನೋಡದೆ ಮುಂದೆ ಹೋಗಲಿಲ್ಲ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಅಲ್ಲಿ ಹೆಸರಾಂತ ಘಟಿಕಾಸ್ಥಾನವಿತ್ತು. 1058ರ ಶಾಸನದಲ್ಲಿ ಅದರ ಅಧ್ಯಾಪಕರು, ವಿದ್ಯಾರ್ಥಿಗಳು ಮಾತ್ರವಲ್ಲ, ಪುಸ್ತಕ ಕಾಯುವ ಸರಸ್ವತೀ ಭಂಡಾರಿಗರ ಉಲ್ಲೇಖವೂ ಇದೆ. ಒಂದು ದಿನದ ಸವಾರರ ನಕ್ಷೆಯಲ್ಲಿ ನಾಗಾವಿ ಇರಲೇ ಇಲ್ಲ. ಕೇಳಿದರೆ ಹಾದಿಯಿಂದ ಸ್ವಲ್ಪ ಒಳಗೆ ಬೀಳುತ್ತದೆ ಎಂದರು.

ವಾಡಿಯಲ್ಲಿ ರೈಲು ನಿಲ್ದಾಣದ ಹೊರಗೆ ಚಹಾ ಕುಡಿಯುವಾಗಲೂ ಇದೇ ಯೋಚನೆ. ಮುಂಬೈಯಿಂದ ಬಂದ ಹಳಿ 1860ರಲ್ಲಿ ಸೊಲ್ಲಾಪುರ ಮುಟ್ಟಿತು, 1871ರಲ್ಲಿ ರಾಯಚೂರು. ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು 1874ರಲ್ಲಿ. ಅದು ಮುಂದುವರಿದು ಬೆಜವಾಡ ಮುಟ್ಟಿದ್ದು 1889ರಲ್ಲಿ. ನಾವು ಮರಳಲು ಹತ್ತಿದ ಹಳಿಯೇ ಕಂತು ಕಂತಾಗಿ ಹಾಸಿದ್ದು. ಅದನ್ನು ಯಾರೂ ಅರ್ಧ ರೈಲು ಎನ್ನುವುದಿಲ್ಲ.

ಆ ಚಹಾದಂಗಡಿಯಲ್ಲಿ ನಡೆದ ಮಾತನ್ನು ಹೇಳದೆ ಈ ಬರಹ ಮುಗಿಸುವಂತಿಲ್ಲ. ಹೇಳಲು ನನಗೆ ಸಂಕೋಚವಿದೆ, ಆದರೂ ಹೇಳಬೇಕು.

ಜೊತೆಗೆ ಬಂದ ಇಬ್ಬರಲ್ಲಿ ಒಬ್ಬನಿಗೆ ಸೈಕಲ್ ರಿಪೇರಿಯ ಅಂಗಡಿ ಇದೆ. ನಮ್ಮ ಮೂರೂ ಸೈಕಲ್ಲುಗಳ ಚೈನು, ಬ್ರೇಕು, ಗಾಳಿ ಎಲ್ಲ ಅವನ ಹೊಣೆ. ತೊಂಬತ್ತರ ದಶಕದಲ್ಲಿ ನನ್ನ ತರಗತಿಯಲ್ಲಿದ್ದ. ಹತ್ತನೆಯ ಇಯತ್ತೆಯಲ್ಲಿ ಗಣಿತ ಒಂದರಲ್ಲಿ ಬಿದ್ದ. ಎರಡನೆಯ ಸಲವೂ ಬಿದ್ದ. ಮೂರನೆಯ ಸಲ ಪಾಸಾಗಿ ಪೇಢೆಯ ಪೊಟ್ಟಣ ಹಿಡಿದು ಶಾಲೆಗೆ ಬಂದ. ಆಗ ಶಿಕ್ಷಕರ ಕೋಣೆಯಲ್ಲಿ ಎಲ್ಲರ ಎದುರು ನಾನು ಅಂದಿದ್ದೆ: "ಅಂತೂ ಕಂತಿನ್ಯಾಗ ಸಾಲ ತೀರಿಸಿದೆಪಾ!" ಎಲ್ಲರೂ ನಕ್ಕರು. ಅವನೂ ನಕ್ಕ. ಕಾಲೇಜಿಗೆ ಮಾತ್ರ ಹೋಗಲಿಲ್ಲ. ಮನೆಯ ಅಡಚಣಿ ಇದ್ದೀತು ಎಂದು ನಾನು ನನಗೇ ಹೇಳಿಕೊಂಡೆ.

ವಾಡಿಯಲ್ಲಿ ಚಹಾದ ಕಪ್ಪು ಕೆಳಗಿಟ್ಟು ಅವನು ಸಹಜವಾಗಿ ಅಂದ: "ಸರ, ನೀವೂ ಈಗ ಕಂತಿನ ಮಂದಿ ಆದ್ರಿ ನೋಡ್ರಿ." ಮೂವತ್ತು ವರ್ಷ ಅವನು ಅದನ್ನು ಮರೆತಿರಲಿಲ್ಲ. ನಾನು ಕ್ಷಮೆ ಕೇಳಿದೆ. "ಬಿಡ್ರಿ ಸರ, ನೀವು ಅಂದ್ರಿ, ನಾ ಪಾಸ್ ಆಗಿದ್ದೆ. ಎರಡೂ ಖರೇನs" ಎಂದ.

ಆದ್ದರಿಂದ, ಬೆಂಗಳೂರಿನ ನನ್ನ ಶಿಷ್ಯನೇ, ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಕಂತು ಎಂಬ ಆ ಶಬ್ದವನ್ನು ನೀನು ಕಲಿತದ್ದು ನನ್ನಂಥವರಿಂದಲೇ. ಒಂದೇ ಏಟಿಗೆ ಆದರೆ ಆಯಿತು, ಇಲ್ಲವಾದರೆ ಇಲ್ಲ ಎಂಬ ಈ ಕ್ರೂರ ಗಣಿತವನ್ನು ನಾವು ಶಾಲೆಯಲ್ಲಿ ಬಿತ್ತಿದೆವು. ಅದು ಈಗ ಬಿಸಿಲ ರಸ್ತೆಯ ಮೇಲೆ ಫಲ ಕೊಡುತ್ತಿದೆ. 2025ರ ಹತ್ತನೆಯ ತರಗತಿಯ ಮೊದಲ ಪರೀಕ್ಷೆಯಲ್ಲಿ ನಮ್ಮ ಕಲಬುರಗಿ ಜಿಲ್ಲೆ ರಾಜ್ಯದ ಕೊನೆಯ ಸ್ಥಾನದಲ್ಲಿತ್ತು. 2024ರಿಂದ ಸರ್ಕಾರ ಪೂರಕ ಪರೀಕ್ಷೆ ಎಂಬ ಹೆಸರನ್ನೇ ಕೈಬಿಟ್ಟು ಒಂದೇ ವರ್ಷದಲ್ಲಿ ಪರೀಕ್ಷೆ ಒಂದು, ಎರಡು, ಮೂರು ಎಂದು ನಡೆಸತೊಡಗಿತು. ಹಲವರು ಗೇಲಿ ಮಾಡಿದರು. ಮೊದಲು ನಾನೂ ಹುಬ್ಬು ಗಂಟಿಕ್ಕಿದ್ದೆ. ಈಗ ಅನಿಸುತ್ತದೆ: ಮೂರನೆಯ ಸಲ ದಾಟಿದವನೂ ದಾಟಿದವನೇ. ಹೊಳೆಯ ಆಚೆ ದಂಡೆಯಲ್ಲಿ ನಿಂತವನನ್ನು ಎಷ್ಟನೆಯ ಸಲಕ್ಕೆ ಬಂದೆ ಎಂದು ಹೊಳೆ ಕೇಳುವುದಿಲ್ಲ.

ನಿಜವಾಗಿ ಶೌರ್ಯ ತೋರಿಸಬೇಕೆಂದಿರುವವರಿಗೆ ಬೇರೆ ಕೆಲಸಗಳಿವೆ. ಸೇಡಂನಿಂದ ಶಹಾಬಾದದವರೆಗೆ ಸಿಮೆಂಟಿನ ಲಾರಿ, ಬೂದಿಯ ಟ್ಯಾಂಕರುಗಳು ಹಗಲಿರುಳು ಓಡುತ್ತವೆ. ಸೈಕಲ್ಲಿನವನಿಗೆ ಉಳಿಯುವುದು ಡಾಂಬರಿನ ಕಡಿದ ಅಂಚು. ನನ್ನ ಅಣ್ಣನ ಮೊಮ್ಮಗಳು, ಒಂಬತ್ತನೆಯ ಇಯತ್ತೆಯವಳು, ಎರಡು ಮಜಲು ನಮ್ಮೊಂದಿಗೆ ಬಂದಳು. ಮೂರನೆಯದಕ್ಕೆ ಅವಳ ತಾಯಿ ಬಿಡಲಿಲ್ಲ, ಲಾರಿಗಳ ಭಯ. ಆ ತಾಯಿ ಹೇಳಿದ್ದು ಸರಿಯೇ. 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡಲು ತೊಡಗಿದಾಗ ಹಳ್ಳಿಯ ಹೆಣ್ಣುಮಕ್ಕಳು ಗುಂಪುಗುಂಪಾಗಿ ಹೈಸ್ಕೂಲಿಗೆ ಬಂದದ್ದನ್ನು ನಾನು ಕಣ್ಣಾರೆ ಕಂಡವನು. ಕೊರೊನಾ ಬಂದಾಗ ಆ ವಿತರಣೆ ನಿಂತಿತು. ಆ ಮಕ್ಕಳು ದಿನವೂ ನಾಲ್ಕೈದು ಕಿಲೋಮೀಟರ್ ತುಳಿದರು. ವರ್ಷಕ್ಕೆ ಎಷ್ಟಾಯಿತು, ಕೂಡಿಸಿ ನೋಡಿ. ಅವರಿಗೆ ಯಾರೂ ಪದಕ ಕೊಡಲಿಲ್ಲ, ತುಂಡು ಹಾದಿಯಲ್ಲವೆ? ರಸ್ತೆಯ ಬದಿಗೆ ಒಂದು ಗಜ ಗಟ್ಟಿ ನೆಲ, ಮಜಲಿಗೊಂದು ನೀರಿನ ಅರವಟ್ಟಿಗೆ, ಶಹಾಬಾದ ಸುತ್ತ ಮನುಷ್ಯರೇ ತೋಡಿದ ಕಣಿವೆಗಳಂತಿರುವ ಹಳೆಯ ಪರ್ಸಿ ಖಣಿಗಳ ಅಂಚಿಗೆ ಒಂದು ಬೇಲಿ. ಇವುಗಳಿಗಾಗಿ ನಿಮ್ಮ ಪ್ರಭಾವ ಬಳಸಿ. ಒಂದು ದಿನದ ದಾಖಲೆಗಿಂತ ಅದು ಹೆಚ್ಚು ಕಾಲ ನಿಲ್ಲುತ್ತದೆ.

ಹೊರಡಬೇಕೆನ್ನುವವರಿಗೆ ನನ್ನ ಅನುಭವದ ನಾಲ್ಕು ಮಾತು. ದೀಪಾವಳಿಯಿಂದ ಶಿವರಾತ್ರಿಯವರೆಗೆ ಮಾತ್ರ ಹೊರಡಿ. ನಸುಕಿನಲ್ಲಿ ಬಿಟ್ಟು ಹನ್ನೊಂದಕ್ಕೆ ನೆರಳು ಹಿಡಿಯಿರಿ. ನೀರಿನ ಜೊತೆ ಉಪ್ಪು ಹಾಕಿದ ಮಜ್ಜಿಗೆ ಇರಲಿ. ಕಾಡಿನ ಭಾಗಕ್ಕೆ ಅರಣ್ಯ ಇಲಾಖೆಯನ್ನು ಕೇಳಿಕೊಂಡು ಹೋಗಿ. ಗುಂಪಿನಲ್ಲಿ ಯಾರಿಗಾದರೂ ತಲೆನೋವು ಬಂದರೆ ಆ ದಿನದ ಮಜಲು ಅಲ್ಲಿಗೇ ಮುಗಿಯಿತು ಎಂದು ಹೊರಡುವ ಮೊದಲೇ ಎಲ್ಲರೂ ಒಪ್ಪಿಕೊಳ್ಳಿ. ಇದನ್ನು ಮೊದಲೇ ಆಡಿಟ್ಟುಕೊಂಡರೆ ನಿಲ್ಲುವವನಿಗೆ ನಾಚಿಕೆಯಾಗುವುದಿಲ್ಲ. ನನ್ನ ಸೋದರಳಿಯನ ಗುಂಪಿನಲ್ಲಿ ಈ ಒಂದು ಮಾತು ಇದ್ದಿದ್ದರೆ ಸಾಕಿತ್ತು.

ಶಹಾಬಾದದಿಂದ ಹೊನಗುಂಟಾದ ಸಂಗಮದವರೆಗಿನ ಕೊನೆಯ ತುಂಡು ಇನ್ನೂ ಉಳಿದಿದೆ. ಶಿವರಾತ್ರಿ ದಾಟಿ ಬಿಸಿಲು ಏರಿತು, ನಿಲ್ಲಿಸಿದೆವು. ಬರುವ ಕಾರ್ತಿಕದಲ್ಲಿ ಅದನ್ನು ಮುಗಿಸುವ ವಿಚಾರವಿದೆ. ಸೋದರಳಿಯನೂ ಬರುತ್ತೇನೆಂದಿದ್ದಾನೆ, ಅವನ ತಾಯಿ ಒಪ್ಪಿದ್ದಾಳೆ. ಬೆಂಗಳೂರಿನ ಶಿಷ್ಯನಿಗೂ ಕರೆ ಇದೆ. ಸೈಕಲ್ ಇಲ್ಲದಿದ್ದರೆ ನಮ್ಮ ಅಂಗಡಿಯವನು ಒಂದನ್ನು ಸಜ್ಜು ಮಾಡಿ ಇಡುತ್ತಾನೆ. ನನ್ನ ವಾದದಲ್ಲಿ ತಪ್ಪು ಕಂಡರೆ ಅಲ್ಲಿಯೇ, ಎರಡು ನೀರು ಕೂಡುವ ಜಾಗದಲ್ಲಿ, ರೊಟ್ಟಿ ಬುತ್ತಿ ಬಿಚ್ಚಿಕೊಂಡು ಜಗಳ ಮುಂದುವರಿಸೋಣ.